ಪೋಷಕ, ಪಿಂಚಣಿ, ಪಿಂಚಣಿದಾರ: ಮೂರು ಪದಗಳ ಹಿಂದಿನ ಕಥೆ



'ಈ ಕಾರ್ಯಕ್ರಮದ ಪ್ರಾಯೋಜಕರು' ಎಂಬ ಮಾತನ್ನು ನೀವು ನಮ್ಮ ಕನ್ನಡ ವೇಳೆಯಲ್ಲಿ ಎಷ್ಟು ಸಲ ಕೇಳಿದ್ದೀರೋ ಲೆಕ್ಕವಿಲ್ಲ. ಅದನ್ನು ಹೇಳುವ ನಮಗೂ ಲೆಕ್ಕವಿಲ್ಲ. ಹಾಡು ಬರುವ ಮೊದಲು ಹಣ ಕೊಟ್ಟವರ ಹೆಸರು ಬರಬೇಕು, ಇದು ನಮ್ಮ ವೃತ್ತಿಯ ನಿಯಮ. ಇಂಗ್ಲಿಷಿನಲ್ಲಿ ಇವರನ್ನು ಸ್ಪಾನ್ಸರ್ ಎನ್ನುತ್ತಾರೆ. ರೇಡಿಯೊ ಹುಟ್ಟುವುದಕ್ಕೆ ಮೊದಲು ಕಲೆಗೆ, ಬರವಣಿಗೆಗೆ ಹಣ ಕೊಡುವವರಿಗೆ ಇದ್ದ ಹೆಸರು ಪೇಟ್ರನ್, ಅಂದರೆ ಪೋಷಕ. ಆ ಪದದ ಅರ್ಥವನ್ನು ಹುಡುಕಿಕೊಂಡು ಇಂಗ್ಲಿಷಿನ ಹಳೆಯ ನಿಘಂಟುಗಳ ಒಳಗೆ ಹೋದರೆ ಅಲ್ಲಿ ಪದದ ಜೊತೆಗೆ ಒಬ್ಬ ಮನುಷ್ಯನ ಹಸಿವು, ಸಿಟ್ಟು, ಅವಮಾನ ಎಲ್ಲವೂ ಸಿಗುತ್ತವೆ. ಈ ಸಲ ನಿಮಗೆ ಹೇಳಹೊರಟಿರುವುದು ಅದೇ ಕಥೆ.

ನಿಘಂಟು ಎಂದರೆ ಪಕ್ಷಪಾತವಿಲ್ಲದ ಪುಸ್ತಕ ಎಂದು ನಾವೆಲ್ಲ ನಂಬಿದ್ದೇವೆ. ಕನ್ನಡ ಬಿ.ಎ. ಓದುವಾಗ ಕಿಟೆಲ್ ನಿಘಂಟಿನ ದಪ್ಪ ಸಂಪುಟವನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಡುತ್ತಿದ್ದ ನಮಗೆ, ಅದರೊಳಗೆ ಬರೆದವನ ಕೋಪತಾಪ ಇರಬಹುದೆಂಬ ಅನುಮಾನವೇ ಬರುತ್ತಿರಲಿಲ್ಲ. ಆದರೆ 1755ರ ಏಪ್ರಿಲ್ 15ರಂದು ಲಂಡನ್ನಿನಲ್ಲಿ ಹೊರಬಂದ ಒಂದು ನಿಘಂಟು ಹಾಗಿರಲಿಲ್ಲ. ಅದನ್ನು ಬರೆದವನು ಸ್ಯಾಮ್ಯುಯಲ್ ಜಾನ್ಸನ್.

ಪುಸ್ತಕದಂಗಡಿಯವನ ಮಗ

ಜಾನ್ಸನ್ ಹುಟ್ಟಿದ್ದು 1709ರಲ್ಲಿ, ಲಿಚ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ಪುಸ್ತಕ ವ್ಯಾಪಾರಿ. ಮನೆ ತುಂಬ ಪುಸ್ತಕ, ಜೇಬು ಮಾತ್ರ ಖಾಲಿ. 1728ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ. ಹದಿಮೂರು ತಿಂಗಳಲ್ಲಿ ದುಡ್ಡು ಮುಗಿಯಿತು, ಪದವಿ ಇಲ್ಲದೆ ಊರಿಗೆ ವಾಪಸಾದ. ಅಲ್ಲಿದ್ದಾಗಿನ ಒಂದು ಸಂಗತಿಯನ್ನು ಅವನ ಜೀವನಚರಿತ್ರೆ ಬರೆದ ಬಾಸ್ವೆಲ್ ದಾಖಲಿಸಿದ್ದಾನೆ. ಜಾನ್ಸನ್ನನ ಹರಿದ ಚಪ್ಪಲಿಯಿಂದ ಕಾಲ್ಬೆರಳು ಹೊರಗೆ ಇಣುಕುತ್ತಿದ್ದುದನ್ನು ನೋಡಿ ಯಾರೋ ಕನಿಕರದಿಂದ ಹೊಸ ಬೂಟುಗಳನ್ನು ಅವನ ಬಾಗಿಲಲ್ಲಿ ಇಟ್ಟುಹೋದರಂತೆ. ಅವನು ಅವನ್ನು ಸಿಟ್ಟಿನಿಂದ ಎಸೆದುಬಿಟ್ಟ. ಈ ಬೂಟುಗಳನ್ನು ನೆನಪಿನಲ್ಲಿಡಿ. ಮುಂದೆ ಬರುವ ಮೂರು ಪದಗಳ ಅರ್ಥಕ್ಕೂ ಇವಕ್ಕೂ ನಂಟಿದೆ.

ಶಾಲೆಯೊಂದನ್ನು ತೆರೆದ, ಅದು ನಡೆಯಲಿಲ್ಲ. 1737ರಲ್ಲಿ ತನ್ನ ಶಿಷ್ಯ, ಮುಂದೆ ದೊಡ್ಡ ನಟನೆಂದು ಹೆಸರಾದ ಡೇವಿಡ್ ಗ್ಯಾರಿಕ್ ಜೊತೆ ಲಂಡನ್ನಿಗೆ ಬಂದ. ಹೊಟ್ಟೆಪಾಡಿಗೆ ಊರು ಬಿಟ್ಟು ಮಹಾನಗರಕ್ಕೆ ಬಂದ ನಮ್ಮ ಕೇಳುಗರಿಗೆ ಈ ಪಯಣವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಪತ್ರಿಕೆಗಳಿಗೆ ಲೇಖನ, ಅನುವಾದ, ಮುನ್ನುಡಿ, ಯಾರು ಏನು ಕೇಳಿದರೆ ಅದನ್ನು ಬರೆದುಕೊಟ್ಟ. ಆಗ ಲಂಡನ್ನಿನಲ್ಲಿ ಇಂಥ ಬರಹಗಾರರೇ ತುಂಬಿದ್ದ ಗ್ರಬ್ ಸ್ಟ್ರೀಟ್ ಎಂಬ ಬೀದಿ ಇತ್ತು. ಜಾನ್ಸನ್ ತನ್ನ ನಿಘಂಟಿನಲ್ಲಿ ಅದನ್ನೂ ಸೇರಿಸಿದ. ಅಲ್ಲಿ ಬರೆಯುವವರ ಸರಕಿನ ಪಟ್ಟಿ ಕೊಡುವಾಗ ಚಿಲ್ಲರೆ ಇತಿಹಾಸಗಳ, ನಾಲ್ಕು ದಿನ ಬಾಳುವ ಕವಿತೆಗಳ ಜೊತೆಗೆ ನಿಘಂಟುಗಳನ್ನೂ ಸೇರಿಸಿಬಿಟ್ಟ. ತನ್ನನ್ನೇ ಗೇಲಿ ಮಾಡಿಕೊಳ್ಳುವ ಧೈರ್ಯ ಅವನಿಗಿತ್ತು. ನಿಘಂಟುಕಾರ ಎಂಬ ಪದಕ್ಕೂ ಅಷ್ಟೇ. ಯಾರಿಗೂ ಕೇಡು ಮಾಡದೆ ಕತ್ತೆಯ ಹಾಗೆ ದುಡಿಯುವವನು ಎಂಬ ಧಾಟಿಯಲ್ಲಿ ಅರ್ಥ ಬರೆದ.

ಸಾಹೇಬರ ಹೊರಕೋಣೆ

1746ರಲ್ಲಿ ಲಂಡನ್ನಿನ ಕೆಲವು ಪ್ರಕಾಶಕರು ಒಟ್ಟಾಗಿ ಒಂದು ದೊಡ್ಡ ಇಂಗ್ಲಿಷ್ ನಿಘಂಟು ಬರೆದುಕೊಡಲು ಜಾನ್ಸನ್ನನ ಜೊತೆ ಕರಾರು ಮಾಡಿಕೊಂಡರು. ಮೊತ್ತ 1,500 ಗಿನಿ, ಅಂದರೆ 1,575 ಪೌಂಡು. ಕೇಳಲು ದೊಡ್ಡ ಹಣ. ಆದರೆ ಸಹಾಯಕರ ಸಂಬಳ, ಕಾಗದ, ಪುಸ್ತಕ ಎಲ್ಲವೂ ಅದರಲ್ಲೇ ಬರಬೇಕು. ಮೂರು ವರ್ಷದಲ್ಲಿ ಮುಗಿಸುತ್ತೇನೆಂದು ಹೊರಟವನಿಗೆ ಒಂಬತ್ತು ವರ್ಷ ಹಿಡಿಯಿತು. ಗಫ್ ಸ್ಕ್ವೇರಿನ ಒಂದು ಮನೆಯ ಅಟ್ಟದ ಮೇಲೆ ಆರು ಜನ ಸಹಾಯಕರನ್ನು ಕೂರಿಸಿಕೊಂಡು ಕೆಲಸ. ಆರರಲ್ಲಿ ಐವರು ಸ್ಕಾಟ್ಲೆಂಡಿನವರು. ಓಟ್ಸ್ ಎಂಬ ಧಾನ್ಯ ಇಂಗ್ಲೆಂಡಿನಲ್ಲಿ ಕುದುರೆಗೆ, ಸ್ಕಾಟ್ಲೆಂಡಿನಲ್ಲಿ ಮನುಷ್ಯರಿಗೆ ಎಂದು ಅವನು ಕುಟುಕಿದ್ದು ಪ್ರಸಿದ್ಧ. ಆ ಐವರ ಮಧ್ಯೆಯೇ ಕೂತು ಅವನು ಇದನ್ನು ಬರೆದದ್ದು! ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಆ ಕಾಲದಲ್ಲಿ ದೊಡ್ಡ ಗ್ರಂಥಕ್ಕೆ ದೊಡ್ಡ ಮನುಷ್ಯನೊಬ್ಬನ ಆಶ್ರಯ ಬೇಕಿತ್ತು. ಪ್ರಕಾಶಕರ ಸಲಹೆಯಂತೆ ಜಾನ್ಸನ್ 1747ರಲ್ಲಿ ನಿಘಂಟಿನ ಯೋಜನೆಯನ್ನು ಅಚ್ಚು ಹಾಕಿಸಿ, ಆಗ ಮಂತ್ರಿಯಾಗಿದ್ದ ಲಾರ್ಡ್ ಚೆಸ್ಟರ್‌ಫೀಲ್ಡನಿಗೆ ಅರ್ಪಿಸಿದ. ಲಾರ್ಡ್ ಹತ್ತು ಪೌಂಡು ಕೊಟ್ಟ. ಅಲ್ಲಿಗೆ ಮುಗಿಯಿತು. ಮುಂದೆ ಜಾನ್ಸನ್ ಅವನ ಮನೆಯ ಹೊರಕೋಣೆಯಲ್ಲಿ ಕಾದದ್ದು, ಬಾಗಿಲಿನಿಂದಲೇ ಹಿಂದಿರುಗಿದ್ದು. ಏಳು ವರ್ಷ ಆ ಕಡೆಯಿಂದ ಸದ್ದಿಲ್ಲ. ಈ ನಡುವೆ 1752ರಲ್ಲಿ ಜಾನ್ಸನ್ನನ ಹೆಂಡತಿ ತೀರಿಕೊಂಡಳು.

1754ರ ಕೊನೆಗೆ ನಿಘಂಟು ಮುಗಿಯಲು ಬಂತು ಎಂಬ ಸುದ್ದಿ ಹರಡಿತು. ಆಗ ನೋಡಿ, ಚೆಸ್ಟರ್‌ಫೀಲ್ಡ್ ಒಂದು ಪತ್ರಿಕೆಯಲ್ಲಿ ಎರಡು ಲೇಖನ ಬರೆದು ಈ ನಿಘಂಟನ್ನು ಹಾಡಿ ಹೊಗಳಿದ. ಅರ್ಪಣೆ ತನಗೇ ಬರಲಿ ಎಂಬ ಆಸೆಯಿತ್ತೆಂದು ಜನ ಅರ್ಥಮಾಡಿಕೊಂಡರು. 1755ರ ಫೆಬ್ರವರಿ 7ರಂದು ಜಾನ್ಸನ್ ಅವನಿಗೆ ಒಂದು ಪತ್ರ ಬರೆದ. ವಿನಯದ ಭಾಷೆ, ಚೂರಿಯ ಮೊನೆ. ಅದರ ಸಾರ ಇಷ್ಟು: ನೀರಲ್ಲಿ ಮುಳುಗುತ್ತಿರುವವನನ್ನು ಸುಮ್ಮನೆ ನೋಡುತ್ತ ನಿಂತು, ಅವನು ಈಜಿ ದಡ ಸೇರಿದ ಮೇಲೆ ಸಹಾಯದ ಹೊರೆ ಹೊರಿಸಲು ಬರುವವನೇನು ಪೋಷಕ? ಈ ಗಮನ ಮೊದಲೇ ಬಂದಿದ್ದರೆ ಉಪಕಾರವಾಗುತ್ತಿತ್ತು. ಈಗ ಹೆಂಡತಿ ಇಲ್ಲ, ಹಂಚಿಕೊಳ್ಳಲು ಯಾರೂ ಇಲ್ಲ.

ಚೆಸ್ಟರ್‌ಫೀಲ್ಡ್ ಕೋಪಿಸಿಕೊಳ್ಳಲಿಲ್ಲ. ಆ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸಿ, ಬರವಣಿಗೆ ಎಷ್ಟು ಚೆನ್ನಾಗಿದೆ ನೋಡಿ ಎನ್ನುತ್ತಿದ್ದನಂತೆ.

ಎರಡು ತಿಂಗಳ ನಂತರ ನಿಘಂಟು ಬಂತು. ಎರಡು ಭಾರಿ ಸಂಪುಟ, 42,773 ಪದ, ಬೆಲೆ ನಾಲ್ಕೂವರೆ ಪೌಂಡು. ಪೇಟ್ರನ್ ಎಂಬ ಪದ ತೆಗೆದು ನೋಡಿದವರಿಗೆ ಮೊದಲು ಸಾಧಾರಣ ಅರ್ಥ ಸಿಕ್ಕಿತು: ಬೆಂಬಲಿಸುವವನು, ಕಾಪಾಡುವವನು. ಅದರ ಬೆನ್ನಿಗೇ ಇನ್ನೊಂದು ಮಾತು. ಸಾಮಾನ್ಯವಾಗಿ ಇವನು ದರ್ಪದಿಂದ ಕೊಟ್ಟು, ಪ್ರತಿಯಾಗಿ ಮುಖಸ್ತುತಿ ಪಡೆಯುವ ನೀಚ ಎಂಬ ಭಾವ. ಅಷ್ಟಕ್ಕೇ ಬಿಡಲಿಲ್ಲ. 1749ರಲ್ಲಿ ಬರೆದಿದ್ದ ತನ್ನದೇ ಕವಿತೆಯೊಂದರಲ್ಲಿ ವಿದ್ವಾಂಸನ ಕಷ್ಟಗಳ ಪಟ್ಟಿಯಿತ್ತು, ಅದರಲ್ಲಿ 'ಅಟ್ಟದ ಕೋಣೆ' ಎಂಬ ಪದವಿತ್ತು. 1755ರಲ್ಲಿ ಅದನ್ನು ಹೊಡೆದುಹಾಕಿ 'ಪೋಷಕ' ಎಂದು ಬರೆದ. ಬಡತನದ ಅಟ್ಟಕ್ಕಿಂತ ದೊಡ್ಡ ಕಷ್ಟ ಪೋಷಕನೇ ಎಂದಂತಾಯಿತು!

ಪೇಟ್ರನ್ ಎಂಬ ಪದದ ಬೇರು ಲ್ಯಾಟಿನ್ನಿನ ಪಾತೆರ್, ಅಂದರೆ ತಂದೆ. ಪ್ರಾಚೀನ ರೋಮಿನಲ್ಲಿ ತನ್ನ ಗುಲಾಮನನ್ನು ಬಿಡುಗಡೆ ಮಾಡಿದ ಯಜಮಾನ ಅವನಿಗೆ ಮುಂದೆ ಪಾತ್ರೋನುಸ್ ಆಗುತ್ತಿದ್ದ. ಬಿಡುಗಡೆಯಾದರೂ ಋಣ ಉಳಿಯುತ್ತಿತ್ತು. ಆ ಋಣದ ಭಾರವನ್ನೇ ಜಾನ್ಸನ್ ಪದದೊಳಗೆ ಕಂಡದ್ದು.

ಬರೆದವನ ಕೊರಳಿಗೇ ಸುತ್ತಿದ ಅರ್ಥ

ಈಗ ಎರಡನೆಯ ಮತ್ತು ಮೂರನೆಯ ಪದ. ಪೆನ್ಷನ್ ಎಂಬುದು ತೂಗು, ಪಾವತಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಬೆಳ್ಳಿಬಂಗಾರವನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದ ಕಾಲದ ಪದ. ಮೂಲದಲ್ಲಿ ಅದಕ್ಕೆ ಕೆಟ್ಟ ವಾಸನೆಯೇನೂ ಇರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಂತೂ ಪೆನ್ಷನರ್ ಎಂದರೆ ತನ್ನ ಊಟವಸತಿಯ ಖರ್ಚನ್ನು ತಾನೇ ಕೊಟ್ಟು ಓದುವ ವಿದ್ಯಾರ್ಥಿ!

ಇಂಗ್ಲೆಂಡಿನ ರಾಜಕೀಯ ಆ ಪದವನ್ನು ಕೆಡಿಸಿತು. 1670ರಲ್ಲಿ ರಾಜ ಎರಡನೇ ಚಾರ್ಲ್ಸ್ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡು ಅವನಿಂದ ಹಣ ಪಡೆದ. ಅವನ ದೀರ್ಘಕಾಲದ ಸಂಸತ್ತಿಗೆ ಜನ 'ಪಿಂಚಣಿದಾರರ ಪಾರ್ಲಿಮೆಂಟು' ಎಂದೇ ಅಡ್ಡಹೆಸರಿಟ್ಟರು. ಮುಂದೆ 1721ರಿಂದ 1742ರವರೆಗೆ ಆಡಳಿತ ನಡೆಸಿದ ವಾಲ್ಪೋಲ್ ಕಾಲದಲ್ಲಿ ಸಂಸದರ ಮತ, ಪತ್ರಿಕೆಗಳ ಲೇಖನಿ ಎರಡನ್ನೂ ಸರ್ಕಾರದ ಹಣ ಕೊಂಡುಕೊಳ್ಳುತ್ತದೆ ಎಂಬ ಆರೋಪ ದಿನನಿತ್ಯದ್ದಾಯಿತು. ಈ ಹಿನ್ನೆಲೆಯಲ್ಲಿ ಜಾನ್ಸನ್ ಪೆನ್ಷನ್ನಿಗೆ ಕೊಟ್ಟ ಅರ್ಥ: ತಕ್ಕ ಪ್ರತಿಫಲವಿಲ್ಲದೆ ಕೊಡುವ ಭತ್ಯೆ, ಇಂಗ್ಲೆಂಡಿನಲ್ಲಾದರೆ ದೇಶದ್ರೋಹಕ್ಕಾಗಿ ಸರ್ಕಾರದ ಕೂಲಿಯಾಳಿಗೆ ಕೊಡುವ ಸಂಬಳವೆಂದೇ ತಿಳಿಯಲಾಗುತ್ತದೆ ಎಂದು. ಪೆನ್ಷನರ್ ಯಾರು? ಇನ್ನೊಬ್ಬರ ಮರ್ಜಿಯ ಮೇಲೆ ಬದುಕುವವನು, ಯಜಮಾನ ಹೇಳಿದಂತೆ ಕೇಳಲು ಬಾಡಿಗೆಗೆ ಸಿಕ್ಕ ಸರ್ಕಾರಿ ಗುಲಾಮ. ಅಬಕಾರಿ ಸುಂಕದ ವಸೂಲಿಗಾರರನ್ನೂ ಅವನು ಹೀಗೆಯೇ ಬೈದಿದ್ದ. ಅವನ ತಂದೆಗೆ ಅಬಕಾರಿ ಅಧಿಕಾರಿಗಳಿಂದ ಕಾಟವಾಗಿತ್ತು. ಇಲಾಖೆಯವರು ಮೊಕದ್ದಮೆ ಹೂಡಬಹುದೇ ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಹೂಡಬಹುದು, ಆದರೆ ತಿದ್ದಿಕೊಳ್ಳಲು ಅವಕಾಶ ಕೊಡಿ ಎಂದರು ಅವರು. ಜಾನ್ಸನ್ ತಿದ್ದಲಿಲ್ಲ.

ನಿಘಂಟು ಹೆಸರು ತಂದಿತು, ಹಣ ತರಲಿಲ್ಲ. ಬಂದ ಹಣ ಕೆಲಸ ಮುಗಿಯುವ ಮೊದಲೇ ಖರ್ಚಾಗಿತ್ತು. 1756ರ ಮಾರ್ಚಿನಲ್ಲಿ ಆರು ಪೌಂಡಿಗೂ ಕಡಿಮೆ ಸಾಲಕ್ಕೆ ಅವನನ್ನು ಬಂಧಿಸಿದರು. ಕಾದಂಬರಿಕಾರ ರಿಚರ್ಡ್‌ಸನ್ ಹಣ ಕಳಿಸಿ ಬಿಡಿಸಿದ. 1759ರ ಜನವರಿಯಲ್ಲಿ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚಿಗೆ, ಅವಳ ಸಣ್ಣಪುಟ್ಟ ಸಾಲಕ್ಕೆ ಬೇಕೆಂದು ಒಂದು ವಾರದ ಸಂಜೆಗಳಲ್ಲಿ ಒಂದು ಕಥೆ ಬರೆದು ಮಾರಿದ. ಭಾಷೆಗೆ ನಿಘಂಟು ಕೊಟ್ಟವನ ಸ್ಥಿತಿ ಇದು.

1762ರ ಜುಲೈನಲ್ಲಿ ಅವನ ಬಾಗಿಲಿಗೆ ಮತ್ತೊಮ್ಮೆ 'ಬೂಟು' ಬಂತು. ಹೊಸ ರಾಜ ಮೂರನೇ ಜಾರ್ಜ್, ಪ್ರಧಾನಿ ಲಾರ್ಡ್ ಬ್ಯೂಟ್ ಮೂಲಕ, ವರ್ಷಕ್ಕೆ 300 ಪೌಂಡುಗಳ ಪಿಂಚಣಿ ಕೊಡಲು ಮುಂದಾದ! ಕೇಳುಗರೆ, ಆ ರಾತ್ರಿ ಜಾನ್ಸನ್ನನಿಗೆ ನಿದ್ದೆ ಬಂದಿರಲಾರದು ಎಂದು ಊಹಿಸಬಹುದಲ್ಲವೆ? ವಯಸ್ಸು 52. ಸಾಲ, ಅನಾರೋಗ್ಯ, ಮನೆ ತುಂಬ ತನ್ನನ್ನೇ ನಂಬಿಕೊಂಡವರು. ಇನ್ನೊಂದು ಕಡೆ, ಪಿಂಚಣಿ ಪಡೆಯುವವನು ಯಾರೆಂದು ಸ್ವಂತ ಕೈಯಲ್ಲಿ ಅಚ್ಚುಹಾಕಿಸಿದ್ದಾನೆ. ಚಿತ್ರಕಾರ ಗೆಳೆಯ ಜಾಶುವಾ ರೆನಾಲ್ಡ್ಸ್ ಬಳಿ ಹೋಗಿ, ಏನು ಮಾಡಲಿ ಎಂದು ಕೇಳಿದ. ಸಾಹಿತ್ಯದ ಸಾಧನೆಗೆ ರಾಜ ಕೊಡುವುದನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲ, ನಿಘಂಟಿನ ಆ ಅರ್ಥ ನಿನಗೆ ಅನ್ವಯಿಸುವುದಿಲ್ಲ ಎಂದ ಗೆಳೆಯ. ಮುಂದೆ ಏನನ್ನೋ ಮಾಡಿಸಿಕೊಳ್ಳಲು ಇದನ್ನು ಕೊಡುತ್ತಿಲ್ಲ, ಈಗಾಗಲೇ ಮಾಡಿದ್ದಕ್ಕಾಗಿ ಕೊಡುತ್ತಿದ್ದೇವೆ ಎಂದು ಬ್ಯೂಟ್ ಕೂಡ ಭರವಸೆ ಕೊಟ್ಟ. ಜಾನ್ಸನ್ ಒಪ್ಪಿಕೊಂಡ.

ವಿರೋಧಿಗಳು ಬಿಟ್ಟಾರೆಯೆ? ಜಾನ್ ವಿಲ್ಕ್ಸ್ ತನ್ನ ಪತ್ರಿಕೆಯಲ್ಲಿ ನಿಘಂಟಿನ ಅರ್ಥವನ್ನೇ ಎತ್ತಿಕೊಂಡು ಹಂಗಿಸಿದ. ಕವಿ ಚಾರ್ಲ್ಸ್ ಚರ್ಚಿಲ್ ಪದ್ಯದಲ್ಲಿ ಕೆಣಕಿದ. 1770ರ ದಶಕದಲ್ಲಿ ಜಾನ್ಸನ್ ಸರ್ಕಾರದ ಪರವಾಗಿ ಕೆಲವು ಕಿರುಪುಸ್ತಕ ಬರೆದಾಗ, 1775ರಲ್ಲಿ ಅಮೆರಿಕದ ವಸಾಹತುಗಳ ಮೇಲೆ ತೆರಿಗೆ ಹಾಕುವುದನ್ನು ಸಮರ್ಥಿಸಿದಾಗ, 'ನೋಡಿದಿರಾ, ಪಿಂಚಣಿದಾರ!' ಎಂಬ ಕೂಗು ಇನ್ನೂ ಜೋರಾಯಿತು. ಅವನ ಅಭಿಪ್ರಾಯಗಳು ಮೊದಲಿನಿಂದಲೂ ಹಾಗೆಯೇ ಇದ್ದವು ಎಂದು ಗೆಳೆಯರು ವಾದಿಸಿದರು. ಆದರೆ ಜನರ ಬಾಯಲ್ಲಿ ಆಡಿದ್ದು ಅವನೇ ಕೊಟ್ಟ ಅರ್ಥ.

1773ರಲ್ಲಿ ನಿಘಂಟಿನ ನಾಲ್ಕನೆಯ ಆವೃತ್ತಿ ಬಂತು. ಜಾನ್ಸನ್ ತಾನೇ ಕೂತು ಪರಿಷ್ಕರಿಸಿದ್ದು. ದೇಶಭಕ್ತ ಎಂಬ ಪದಕ್ಕೆ, ಕೆಲವೊಮ್ಮೆ ಸರ್ಕಾರಕ್ಕೆ ಕಾಟ ಕೊಡುವ ಗುಂಪುಗಾರನಿಗೂ ಹೀಗೆನ್ನುತ್ತಾರೆ ಎಂಬ ಹೊಸ ಅರ್ಥ ಸೇರಿಸಿದ. ಪೆನ್ಷನ್ ಅರ್ಥವನ್ನು ಮೆತ್ತಗೆ ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇರಲಿಲ್ಲ. ಪಿಂಚಣಿ ಪಡೆಯಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಅದನ್ನು ಅವನು ಹಾಗೆಯೇ ಬಿಟ್ಟ. ಹಟವೋ ಪ್ರಾಮಾಣಿಕತೆಯೋ, ನೀವೇ ನಿರ್ಧರಿಸಿ. ನನಗೆ ಮಾತ್ರ ಈ ತಿದ್ದದ ಸಾಲೇ ಅವನ ಬದುಕಿನ ಬಹಳ ಗಟ್ಟಿಯಾದ ಸಾಲೆಂದು ತೋರುತ್ತದೆ.

1784ರ ಡಿಸೆಂಬರ್ 13ರಂದು ತೀರಿಕೊಳ್ಳುವವರೆಗೆ ಆ 22 ವರ್ಷಗಳಲ್ಲಿ ಪಿಂಚಣಿಯಿಂದ ಬಂದದ್ದು ಸುಮಾರು 6,600 ಪೌಂಡು. ನಿಘಂಟಿಗೆ ಸಿಕ್ಕಿದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು. ಅದು ಹೋದದ್ದೆಲ್ಲಿಗೆ? ಅವನ ಮನೆಯಲ್ಲಿ ಕುರುಡಿ ಕವಯಿತ್ರಿ ಅನ್ನಾ ವಿಲಿಯಮ್ಸ್ ಇದ್ದಳು, ಬಡವರಿಗೆ ಮದ್ದು ಕೊಡುತ್ತಿದ್ದ ರಾಬರ್ಟ್ ಲೆವೆಟ್ ಇದ್ದ. ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿ, ಹೆಂಡತಿ ಸತ್ತ ಕೆಲವೇ ವಾರಗಳಲ್ಲಿ ಈ ಮನೆಗೆ ಬಂದ ಹುಡುಗ ಫ್ರಾನ್ಸಿಸ್ ಬಾರ್ಬರ್ ಇದ್ದ. ಜಾನ್ಸನ್ ಅವನನ್ನು ಶಾಲೆಗೆ ಕಳಿಸಿ ಓದಿಸಿದ. ತನ್ನ ಉಯಿಲಿನಲ್ಲಿ ಅವನಿಗೆ ವರ್ಷಕ್ಕೆ 70 ಪೌಂಡಿನ ಜೀವಿತ ಭತ್ಯೆ ಬರೆದಿಟ್ಟ. ಪೋಷಕರನ್ನು ಅಷ್ಟು ಬೈದವನು ಕೊನೆಗೆ ತಾನೇ ಪೋಷಕನಾದ, ಪಿಂಚಣಿ ಕೊಡುವವನೂ ಆದ.

ಅದೇ ಪದ ನಮ್ಮ ನೆಲಕ್ಕೆ ಬಂದಾಗ

ನಿಘಂಟುಗಳೂ ಬದಲಾದವು. 1828ರಲ್ಲಿ ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ ತನ್ನ ನಿಘಂಟು ಹೊರತಂದಾಗ ಪೆನ್ಷನ್ ಎಂದರೆ ಹಿಂದೆ ಸಲ್ಲಿಸಿದ ಸೇವೆಗಾಗಿ ಸರ್ಕಾರ ಕೊಡುವ ವಾರ್ಷಿಕ ಭತ್ಯೆ ಎಂದ. ಅಂಗವಿಕಲರಾದ ಸೈನಿಕರು, ನಾವಿಕರು ಅಲ್ಲಿ ಕಾಣಿಸಿಕೊಂಡರು. ದ್ರೋಹ ಹೋಗಿ ಸೇವೆ ಬಂತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ತಮ್ಮ ಹಳೆಯ ಸೈನಿಕರಿಗೆ ಅಮೆರಿಕನ್ನರು 1818ರಲ್ಲಿ ಪಿಂಚಣಿಯ ಕಾಯಿದೆಯನ್ನೇ ಮಾಡಿದ್ದರು.

ಆದರೆ ಅದೇ 1818ರಲ್ಲಿ ನಮ್ಮ ದೇಶದಲ್ಲಿ ನಡೆದದ್ದು ಬೇರೆ. ಪುಣೆಯ ಕೊನೆಯ ಪೇಶ್ವೆ ಎರಡನೇ ಬಾಜಿರಾಯ ಇಂಗ್ಲಿಷರಿಗೆ ಶರಣಾಗಿ, ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿಯ ಮೇಲೆ ಬಿಠೂರಿಗೆ ಹೋದ. 1851ರಲ್ಲಿ ಅವನು ಸತ್ತ ಮೇಲೆ ದತ್ತುಪುತ್ರ ನಾನಾಸಾಹೇಬನಿಗೆ ಆ ಪಿಂಚಣಿ ಕೊಡಲು ಡಾಲ್‌ಹೌಸಿ ನಿರಾಕರಿಸಿದ. 1857ರಲ್ಲಿ ಏನಾಯಿತೆಂದು ನಿಮಗೆ ಗೊತ್ತು. ನಮ್ಮ ಮೈಸೂರಿನ ಟಿಪ್ಪುವಿನ ಮಕ್ಕಳು 1799ರ ನಂತರ ವೆಲ್ಲೂರಿನ ಕೋಟೆಯಲ್ಲಿ, 1806ರ ಸಿಪಾಯಿ ಬಂಡಾಯದ ಬಳಿಕ ಕಲ್ಕತ್ತೆಯಲ್ಲಿ ಕಂಪನಿ ಕೊಟ್ಟ ಭತ್ಯೆಯ ಮೇಲೆ ಬದುಕಿದರು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡು, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೇ ಒಂದು ಪಾಲು ನಿಗದಿಮಾಡಿದರು. ಇನ್ನೊಬ್ಬರ ಮರ್ಜಿಯ ಮೇಲೆ ಬದುಕುವವನು ಎಂದು ಜಾನ್ಸನ್ ಬರೆದ ಅರ್ಥ ಇಂಗ್ಲೆಂಡಿಗಿಂತ ಇಲ್ಲಿ ಹೆಚ್ಚು ನಿಜವಾಯಿತು. 1871ರ ಪಿಂಚಣಿ ಕಾಯಿದೆಯಂತೂ, ಸರ್ಕಾರ ಕೊಡುವ ಪಿಂಚಣಿಯ ವಿಷಯಕ್ಕೆ ಸಿವಿಲ್ ಕೋರ್ಟಿಗೆ ಹೋಗುವ ದಾರಿಯನ್ನೇ ಬಹುಮಟ್ಟಿಗೆ ಮುಚ್ಚಿತು.

ಆ ಮರ್ಜಿಯ ಮಾತಿಗೆ ಉತ್ತರ ಬಂದದ್ದು ದೆಹಲಿಯಲ್ಲಿ, 1982ರ ಡಿಸೆಂಬರ್ 17ರಂದು. 1979ರ ಮಾರ್ಚ್ 31ಕ್ಕೆ ಮೊದಲು ನಿವೃತ್ತರಾದವರಿಗೆ ಹೊಸ, ಉದಾರ ಲೆಕ್ಕಾಚಾರ ಅನ್ವಯಿಸುವುದಿಲ್ಲ ಎಂದು ಕೇಂದ್ರ ಸರ್ಕಾರ ಗೆರೆ ಎಳೆದಿತ್ತು. ಡಿ.ಎಸ್. ನಕಾರಾ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಐವರು ನ್ಯಾಯಮೂರ್ತಿಗಳ ಪೀಠ ಆ ಗೆರೆಯನ್ನು ಅಳಿಸಿತು. ಪಿಂಚಣಿ ಎಂದರೆ ಧರ್ಮಕ್ಕೆ ಕೊಡುವುದಲ್ಲ, ಯಜಮಾನನ ಕೃಪೆಯಲ್ಲ, ದುಡಿದ ದಿನಗಳಿಗೆ ಸಲ್ಲುವ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಡಿಸೆಂಬರ್ 17 ಅನ್ನು ಈಗ ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ. ನಮ್ಮ ಕೇಳುಗರಲ್ಲಿ ಅಂಚೆ, ರೈಲ್ವೆ, ಬ್ಯಾಂಕು, ರಕ್ಷಣಾ ಇಲಾಖೆಗಳಲ್ಲಿ ದುಡಿದು ಈ ಊರಲ್ಲೇ ನೆಲೆಸಿದ ಹಿರಿಯರು ಅನೇಕರಿದ್ದೀರಿ. ಬೈಗುಳವಾಗಿದ್ದ ಆ ಪದವನ್ನು ಗೌರವದ ಪದ ಮಾಡಿದವರಲ್ಲಿ ನೀವೂ ಸೇರಿದ್ದೀರಿ.

ಜಗಳ ಮುಗಿದಿಲ್ಲ. 2004ರ ಜನವರಿಯಿಂದ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ, ಸೇನೆಯನ್ನು ಬಿಟ್ಟು, ನಿಗದಿತ ಪಿಂಚಣಿಯ ಬದಲು ಸಂಬಳದಿಂದ ಕಡಿತವಾಗಿ ಮಾರುಕಟ್ಟೆಯಲ್ಲಿ ಬೆಳೆಯುವ ನಿಧಿ ಬಂತು. ಖಚಿತ ಮೊತ್ತದ ಭರವಸೆಯುಳ್ಳ ಇನ್ನೊಂದು ಯೋಜನೆ 2025ರ ಏಪ್ರಿಲ್ 1ರಿಂದ ಆಯ್ಕೆಗೆ ಸಿಕ್ಕಿದೆ. ಪಿಂಚಣಿ ಹಕ್ಕೋ, ಉಳಿತಾಯವೋ, ಕೊಡುಗೆಯೋ? ನಿಘಂಟುಕಾರನ ಪ್ರಶ್ನೆಯೇ ಈಗ ನೌಕರರ ಸಂಘಗಳ ಪ್ರಶ್ನೆಯೂ ಆಗಿದೆ.

ಇನ್ನು ನಮ್ಮ ಪ್ರಾಯೋಜಕರು. ಸ್ಪಾನ್ಸರ್ ಎಂಬ ಪದವೂ ಜಾನ್ಸನ್ನನ ನಿಘಂಟಿನಲ್ಲಿದೆ. ಅಲ್ಲಿ ಅದರ ಅರ್ಥ ಜಾಮೀನುದಾರ, ಇನ್ನೊಬ್ಬರ ಪರವಾಗಿ ಮಾತು ಕೊಟ್ಟು ಹೊಣೆ ಹೊರುವವನು. ಕ್ರೈಸ್ತರಲ್ಲಿ ಮಗುವಿನ ದೀಕ್ಷಾಸ್ನಾನದ ಹೊತ್ತಿಗೆ ನಿಲ್ಲುವ ಧರ್ಮಪಿತರಿಗೂ ಅದೇ ಹೆಸರು. 1922ರಲ್ಲಿ ನ್ಯೂಯಾರ್ಕಿನ ಒಂದು ರೇಡಿಯೊ ಕೇಂದ್ರ ಜಾಹೀರಾತಿಗೆ ಸಮಯ ಮಾರಿತು, ನಮ್ಮಲ್ಲಿ ವಿವಿಧ ಭಾರತಿ 1967ರಲ್ಲಿ ಜಾಹೀರಾತು ಶುರುಮಾಡಿತು. ಆ ಹೊತ್ತಿಗೆ ಹೊಣೆ ಹೊರುವವನು ಹಣ ಕೊಡುವವನಾಗಿದ್ದ. ಆದರೂ ನೋಡಿ, ಈ ಪದದಲ್ಲಿ ದರ್ಪವೂ ಇಲ್ಲ, ಮುಖಸ್ತುತಿಯೂ ಇಲ್ಲ. ಇರುವುದು ಮಾತು ಕೊಟ್ಟವನ ಜವಾಬ್ದಾರಿ. ಪರಭಾಷೆಯ ಮಹಾನಗರವೊಂದರಲ್ಲಿ ಕನ್ನಡಕ್ಕೆಂದು ಸಿಕ್ಕಿರುವ ಈ ಅಲ್ಪ ವೇಳೆಗೆ ಹಣ ಕೊಡುವವರು ಒಬ್ಬರಾದರೆ, ಜಾಮೀನು ನಿಂತಿರುವವರು ಪ್ರತಿವಾರ ತಪ್ಪದೆ ಕೇಳುವ ನೀವು. ಹಳೆಯ ನಿಘಂಟಿನ ಅರ್ಥದಲ್ಲಿ ಈ ಕಾರ್ಯಕ್ರಮದ ಪ್ರಾಯೋಜಕರು ನೀವೇ.

ನಿಮ್ಮ ಮನೆಯಲ್ಲಿ ಹಳೆಯ ನಿಘಂಟು ಇದ್ದರೆ, ಅಜ್ಜನದೋ ಅಪ್ಪನದೋ, ಬೆನ್ನು ಹರಿದಿದ್ದರೂ ಪರವಾಗಿಲ್ಲ, ಒಮ್ಮೆ ತೆರೆದು ನೋಡಿ. ಇಂದು ನಾವು ಬಳಸುವ ಅರ್ಥ ಅಲ್ಲಿ ಇಲ್ಲದ ಒಂದು ಪದವಾದರೂ ಸಿಗುತ್ತದೆ. ಸಿಕ್ಕರೆ ನಮಗೆ ಬರೆದು ಕಳಿಸಿ. ಮುಂದಿನ ಕನ್ನಡ ವೇಳೆಯಲ್ಲಿ ಓದೋಣ.